ಎರಡು ಗಿರಣಿಯ ಊರು

ಜೇವರ್ಗಿ ಕಡೆ ಕೊಟ್ಟಿರುವ ನನ್ನ ಅಕ್ಕನ ಊರಿನಲ್ಲಿ ಯಾರ ವೋಟು ಯಾವ ಕಡೆ ಎಂಬುದು ಚಹಾದ ಹೊಟೇಲಿನಲ್ಲಿ ಗೊತ್ತಾಗುತ್ತದೆ. ಅಲ್ಲಿ ಎರಡು ಹೊಟೇಲುಗಳಿವೆ, ಯಾರು ಎಲ್ಲಿ ಕೂತು ಕುಡಿಯುತ್ತಾರೆ ಎಂದು ನೋಡಿದರೆ ಮುಗಿಯಿತು. ಆಳಂದದಿಂದ ಸರಸಂಬಾ ಕಡೆಗಿರುವ ನಮ್ಮ ಊರಿನಲ್ಲಿ ಅದು ಗೊತ್ತಾಗುವುದು ಜೋಳದ ಚೀಲದಿಂದ. ನಮ್ಮಲ್ಲಿ ಎರಡು ಹಿಟ್ಟಿನ ಗಿರಣಿಗಳಿವೆ. ಮೇಲಿನ ಓಣಿಯದು ನಮ್ಮದು, ಕೆಳಗಿನ ಓಣಿಯದು ಅವರದು. ನಮ್ಮ ಪಾರ್ಟಿಯವರು ನಮ್ಮಲ್ಲಿ ಬೀಸಿಸುತ್ತಾರೆ, ಅವರ ಪಾರ್ಟಿಯವರು ಅವರಲ್ಲಿ. ಪಾರ್ಟಿ ಎಂದರೆ ದಿಲ್ಲಿ, ಬೆಂಗಳೂರಿನ ಪಕ್ಷಗಳು ಎಂದುಕೊಳ್ಳಬೇಡಿ. ಆ ಪಕ್ಷಗಳನ್ನು ಎರಡೂ ಓಣಿಯವರು ಅಂಗಿ ಬದಲಿಸಿದಂತೆ ಬದಲಿಸಿದ್ದಾರೆ. ಒಂದು ಓಣಿ ಈ ಕಡೆ ಹೋದರೆ ಇನ್ನೊಂದು ಆ ಕಡೆ ಹೋಗುತ್ತದೆ, ಅಷ್ಟೇ. ಗಿರಣಿಯನ್ನು ಮಾತ್ರ ಯಾರೂ ಸುಮ್ಮಸುಮ್ಮನೆ ಬದಲಿಸುವುದಿಲ್ಲ.

ಯಾರದಾದರೂ ಮನೆಯ ಚೀಲ ಒಂದು ಗಿರಣಿ ಬಿಟ್ಟು ಇನ್ನೊಂದಕ್ಕೆ ಹೋಯಿತೆಂದರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ತಿಳಿಯಬೇಕು. ಬದುವಿನ ಜಗಳವಿರಬಹುದು, ಮುರಿದು ಬಿದ್ದ ಮದುವೆ ಮಾತಿರಬಹುದು. ಹೊತ್ತು ಮುಳುಗುವುದರೊಳಗೆ ಊರಿಗೆಲ್ಲ ಸುದ್ದಿ. ಆಮೇಲೆ ಆ ಮನೆಯ ವೋಟುಗಳನ್ನು ಇಲ್ಲಿಂದ ಕಳೆದು ಅಲ್ಲಿ ಕೂಡಿಸುವುದೊಂದೇ ಬಾಕಿ. ಇದರಲ್ಲಿ ನಮ್ಮ ಮನೆಯವರು, ನನ್ನ ಗಂಡ, ಬಹಳ ಹುಷಾರು. ಗಿರಣಿಯ ಬಾಗಿಲಲ್ಲಿ ನಿಂತು ಚೀಲ ನೋಡಿಯೇ ಅವರು ಚುನಾವಣೆಯ ಫಲಿತಾಂಶ ಹೇಳುತ್ತಿದ್ದರು, ಮತ್ತು ಅದು ತಪ್ಪಿದ್ದನ್ನು ನಾನು ಆ ವರ್ಷದವರೆಗೆ ಕಂಡಿರಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಗಿರಣಿಯ ಸದ್ದಿಗೆ ನನ್ನ ತಲೆ ಒಡೆದುಹೋಗುತ್ತಿತ್ತು. ಈಗ ಆ ಸದ್ದಿಲ್ಲದಿದ್ದರೆ ನನಗೆ ಯೋಚನೆಯೇ ಹುಟ್ಟುವುದಿಲ್ಲ. ಮಧ್ಯಾಹ್ನ ತಗಡಿನ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತದೆ. ಅದರೊಳಗೆ ಹಿಟ್ಟು ತೇಲುತ್ತಿರುತ್ತದೆ, ಕೆಳಗೆ ಬೀಳಲು ಅದಕ್ಕೆ ಯಾವ ಅವಸರವೂ ಇಲ್ಲ. ಬಂದವರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ನಿನ್ನೆ ಮೊನ್ನೆಯ ಹುಡುಗಿಯರೂ ಅಜ್ಜಿಯರಂತೆ ಕಾಣುತ್ತಾರೆ. ಬಿಸಿ ಹಿಟ್ಟಿನ ವಾಸನೆ ಮೂಗಿಗೇರಿದರೆ ಕಣ್ಣು ತೆರೆದೇ ಇರುತ್ತದೆ, ಆದರೆ ನಾನು ಅಲ್ಲಿರುವುದಿಲ್ಲ. ಎಷ್ಟೋ ಸಲ ಅತನೂರಿಗೆ ಹೋಗಿ ಬಂದಿದ್ದೇನೆ, ಕೂತಲ್ಲಿಂದ ಏಳದೆ.

ಅತನೂರು ನನ್ನ ತವರು, ಅಫಜಲಪುರ ತಾಲೂಕು. ಅಲ್ಲಿ ನಮ್ಮ ಮನೆಗೂ ನನ್ನ ಗೆಳತಿಯ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಕಿಂಡಿ. ಪುಠಾಣಿ, ಬೋರೆಹಣ್ಣು, ಬಳೆಚೂರು, ಅವ್ವನ ಬೈಗುಳ ಎಲ್ಲವೂ ಆ ಕಿಂಡಿಯಿಂದಲೇ ಆಚೆ ಈಚೆ ಆಗುತ್ತಿದ್ದವು. ಸಾಲಿಯಲ್ಲಿ ನಾವಿಬ್ಬರೂ ಒಂದೇ ಪಾಟಿ ಹಂಚಿಕೊಂಡು ಬರೆದವರು. ನನ್ನನ್ನು ಈ ಊರಿನ ಮೇಲಿನ ಓಣಿಗೆ ಕೊಟ್ಟರು. ಮರು ಬೇಸಿಗೆ ಅವಳನ್ನು ಇದೇ ಊರಿನ ಕೆಳಗಿನ ಓಣಿಗೆ ಕೊಟ್ಟರು. ಸುದ್ದಿ ಕೇಳಿ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವಳು ಬಂದ ಮರುದಿನವೇ ತಾಟಿನಲ್ಲಿ ಹೋಳಿಗೆ ಇಟ್ಟುಕೊಂಡು ಹೊರಟೆ. ಹೊಸ್ತಿಲಲ್ಲೇ ಅತ್ತೆ ತಡೆದು, ಆ ಓಣಿಗೆ ನಮ್ಮ ಮನೆಯ ಹೆಣ್ಣುಮಕ್ಕಳು ಹೋಗುವುದಿಲ್ಲ ಎಂದು ಹೇಳಿ ತಾಟನ್ನು ಒಳಗೆ ಒಯ್ದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮಳೆ ಬರುತ್ತದೆ, ಕೊಡೆ ತಗೋ ಎಂದಂತೆ ಹೇಳಿದರು.

ಹೀಗಾಗಿ ಒಂದೇ ಊರಿನಲ್ಲಿದ್ದುಕೊಂಡು ಗೆಳತಿಯ ಜೊತೆ ಮಾತಾಡಬೇಕಾದರೆ ನಾನು ಬಸ್ಸು ಹತ್ತಿ ಇನ್ನೊಂದು ತಾಲೂಕಿಗೆ ಹೋಗಬೇಕಿತ್ತು. ಪಂಚಮಿಗೆ ಇಬ್ಬರೂ ತವರಿಗೆ ಹೋದಾಗ ಬಾಯಿ ನೋಯುವಷ್ಟು ಮಾತಾಡುತ್ತಿದ್ದೆವು. ವಾಪಸು ಬರುವಾಗ ಒಂದೇ ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ಕೆಲವು ವರ್ಷಗಳ ನಂತರ ಅವಳ ಅಣ್ಣಂದಿರು ಮನೆ ಮಾರಿ ಊರು ಬಿಟ್ಟರು, ಅದೂ ನಿಂತುಹೋಯಿತು. ಆಮೇಲೆ ನಮ್ಮದೆಲ್ಲ ದೂರದ ನೋಟವೇ. ನಳದ ಹತ್ತಿರ ಕೊಡ ಇಳಿಸುವಾಗ ಒಮ್ಮೆ ಹುಬ್ಬು ಎತ್ತುವಳು, ನಾನೂ ಎತ್ತುವೆ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅವಳ ಜೊತೆ ಒಂದು ತಾಟಿನಲ್ಲಿ ಉಣ್ಣಬೇಕಿತ್ತು, ಯಾರಿಗೂ ಹೆದರದೆ ಮಾತಾಡಬೇಕಿತ್ತು.

ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನಮ್ಮ ವಾರ್ಡಿನ ಸೀಟು ಮಹಿಳೆಗೆ ಮೀಸಲಾಯಿತು. ಎರಡೂ ಓಣಿ ಒಂದೇ ವಾರ್ಡಿನಲ್ಲಿವೆ. ನಮ್ಮ ಮನೆಯವರು ನಿಲ್ಲಬೇಕೆಂದು ಎಷ್ಟೋ ದಿನಗಳಿಂದ ಬಿಳಿ ಅಂಗಿ ಹೊಲಿಸಿಟ್ಟುಕೊಂಡಿದ್ದರು. ಮೀಸಲಾತಿ ಬಂದ ಮೇಲೆ ಅಂಗಿ ಅವರೇ ಹಾಕಿಕೊಂಡರು, ನನ್ನನ್ನು ನಿಲ್ಲಿಸಿದರು. ಕೆಳಗಿನ ಓಣಿಯವರು ಸುಮ್ಮನಿರುತ್ತಾರೆಯೇ? ಮೇಲಿನವರು ಗಿರಣಿಯವನ ಹೆಂಡತಿಯನ್ನು ನಿಲ್ಲಿಸಿದರೆ ನಾವು ಅವಳ ತವರೂರಿನಿಂದಲೇ ಬಂದ ಸೊಸೆಯನ್ನು ನಿಲ್ಲಿಸುತ್ತೇವೆ ಎಂದು ನನ್ನ ಗೆಳತಿಯನ್ನು ತಂದು ನಿಲ್ಲಿಸಿದರು. ನಮ್ಮಿಬ್ಬರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬ್ಯಾನರಿನಲ್ಲಿ ನಮ್ಮ ಮನೆಯವರ ಮೀಸೆ ದೊಡ್ಡದಾಗಿ ಬಂದಿತ್ತು, ನಾನು ಮೂಲೆಯಲ್ಲಿ ಅಂಚೆಚೀಟಿಯಷ್ಟು ಇದ್ದೆ. ನನ್ನ ಗುರುತು ಆಟೋರಿಕ್ಷಾ, ಅವಳದು ಹೊಲಿಗೆ ಯಂತ್ರ.

ಮೊದಮೊದಲು ನನಗೆ ನಾಚಿಕೆ, ಆಮೇಲೆ ಬೇಸರ. ಆದರೆ ಮನೆಮನೆಗೆ ಹೋಗಿ ಕೈಮುಗಿಯುತ್ತ ಮುಗಿಯುತ್ತ, ಅದು ಹೇಗೋ ಏನೋ, ಗೆಲ್ಲಬೇಕು ಅನಿಸತೊಡಗಿತು. ಓಣಿಯ ಹೆಂಗಸರ ಶೌಚಾಲಯಕ್ಕೆ ಬಾಗಿಲಿಲ್ಲದೆ ಗೋಣಿಚೀಲ ಕಟ್ಟಿಕೊಂಡು ಹೋಗುತ್ತಿದ್ದೆವು. ಅದಕ್ಕೊಂದು ಬಾಗಿಲು ಹಾಕಿಸಬೇಕು, ಚಿಲಕ ಒಳಗಿನಿಂದ ಬೀಳಬೇಕು ಎಂದೆಲ್ಲ ಗಿರಣಿಯಲ್ಲಿ ಕೂತು ಕನಸು ಕಾಣುತ್ತಿದ್ದೆ. ಪಂಚಾಯಿತಿಯ ಕುರ್ಚಿಯಲ್ಲಿ ಕಾಲು ಮೇಲೆ ಎಳೆದು ಕೂತುಕೊಳ್ಳಬೇಕೋ, ಇಳಿಬಿಟ್ಟು ಕೂತುಕೊಳ್ಳಬೇಕೋ ಎಂದೂ ಯೋಚಿಸುತ್ತಿದ್ದೆ. ನಗಬೇಡಿ, ಆಸೆ ಎಂದರೆ ಹಾಗೆಯೇ.

ಮತದಾನಕ್ಕೆ ಕೆಲವು ದಿನಗಳಿರುವಾಗ ಕೆಳಗಿನ ಓಣಿಯ ಗಿರಣಿಯ ಮೋಟರ್ ಸುಟ್ಟುಹೋಯಿತು. ರಿಪೇರಿಗೆಂದು ಆಳಂದಕ್ಕೆ ಒಯ್ದರು. ಆಳಂದದವನು ಎಲೆಕ್ಷನ್ ಮುಗಿಯಲಿ ಎಂದನಂತೆ. ಮೊದಲೆರಡು ದಿನ ಆ ಓಣಿಯವರು ಆಟೋದಲ್ಲಿ ಚೀಲ ಹೇರಿಕೊಂಡು ಬೇರೆ ಊರಿಗೆ ಹೋಗಿ ಬೀಸಿಸಿಕೊಂಡು ಬಂದರು. ನಮ್ಮ ಗಿರಣಿಯ ಮುಂದೆಯೇ ಆಟೋ ಹೋಗುತ್ತಿತ್ತು, ಚೀಲದ ಮೇಲೆ ಕೂತವರು ಮುಖ ಆ ಕಡೆ ತಿರುಗಿಸುತ್ತಿದ್ದರು. ಮೂರನೆಯ ದಿನ ಕೆಳಗಿನ ಓಣಿಯ ಮುದುಕಿಯೊಬ್ಬಳು, ಊರೆಲ್ಲ ಖಾಲಾ ಎಂದು ಕರೆಯುವವಳು, ತಲೆಯ ಮೇಲೆ ಬುಟ್ಟಿ ಹೊತ್ತು ನೇರ ನಮ್ಮ ಬಾಗಿಲಿಗೆ ಬಂದಳು. ನಮ್ಮ ಮನೆಯವರು ಬೆರಗಾಗಿ ಕಣ್ಣರಳಿಸಿದರು.

"ಹಿಂಗ್ಯಾಕ ನೋಡ್ತಿ? ಮನ್ಯಾಗ ಹಿಟ್ಟು ಖತಂ ಆಗ್ಯಾದ. ನಿಮ್ಮ ಬ್ಯಾನರ್ ಹರದು ರೊಟ್ಟಿ ಬಡೀಲೇನು?" ಎಂದು ಬುಟ್ಟಿ ಇಳಿಸಿದಳು.

ಖಾಲಾ ಬಂದದ್ದೇ ತಡ, ಕೆಳಗಿನ ಓಣಿಯ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು. ಚೀಲಗಳ ಸಾಲು ಬೇವಿನ ಗಿಡದವರೆಗೆ ಹೋಯಿತು. ಅದನ್ನು ನೋಡಿ ನಮ್ಮ ಮನೆಯವರ ಮುಖ ಹಬ್ಬದ ಮನೆಯಾಯಿತು. ಕಟ್ಟೆಯ ಮೇಲೆ ಕೂತು ನಮ್ಮ ಪಾರ್ಟಿಯವರಿಗೆಲ್ಲ ಹೇಳಿದರು, ಆ ಓಣಿ ಒಡೆಯಿತು, ಚೀಲ ಬಂತೆಂದರೆ ವೋಟು ಬಂದಂತೆಯೇ, ಇನ್ನು ಆ ಕಡೆ ಹೋಗಿ ಕೈಮುಗಿಯುವ ಜರೂರತ್ತಿಲ್ಲ. ಅಂದಿನಿಂದ ಪ್ರಚಾರವೇ ನಿಂತಿತು. ಊರಿಗೆ ಹೊಸದಾಗಿ ಬಂದು ಮನೆ ಹಿಡಿದಿದ್ದ ನಾಲ್ಕಾರು ಕುಟುಂಬಗಳಿದ್ದವು, ಅವರನ್ನು ಎರಡೂ ಕಡೆಯವರು ಓಲೈಸುತ್ತಿದ್ದರು. ನಮ್ಮವರು ಅಲ್ಲಿಗೂ ಹೋಗುವುದನ್ನು ಬಿಟ್ಟರು.

ನನಗೆ ಮಾತ್ರ ಹಾಗೆ ಅನಿಸಲಿಲ್ಲ. ಗಿರಣಿಯಲ್ಲಿ ಒಬ್ಬರ ಜೋಳ ಮುಗಿದಾಗ ಕಲ್ಲಿನ ಸಂದಿಯಲ್ಲೂ ಹಿಟ್ಟು ಬೀಳುವ ಬಟ್ಟೆಯ ಕೊಳವೆಯಲ್ಲೂ ಒಂದು ಹಿಡಿ ಉಳಿದಿರುತ್ತದೆ. ಅದು ಮುಂದಿನವರ ಹಿಟ್ಟಿನಲ್ಲಿ ಬೆರೆಯುತ್ತದೆ. ನಮ್ಮ ಓಣಿಯ ಹೆಂಗಸರು ಅದನ್ನು ಯಾವತ್ತೂ ಲೆಕ್ಕಕ್ಕಿಟ್ಟವರಲ್ಲ. ಯಾರ ಹಿಟ್ಟು, ನಮ್ಮವರದೇ ಅಲ್ಲವೇ ಎಂಬ ಭಾವ. ಆದರೆ ಕೆಳಗಿನ ಓಣಿಯಿಂದ ಬಂದವರು ಒಬ್ಬೊಬ್ಬರೂ, ಬಹಳ ಮರ್ಯಾದೆಯಿಂದಲೇ, ಮೊದಲು ಕೊಳವೆ ಬಡಿದು ಖಾಲಿ ಮಾಡಿಸಿ ಎಂದು ಕೇಳಿದರು. ಖಾಲಾ ಕೂಡ ಕೇಳಿದಳು. ನಮ್ಮ ಮನೆಯ ಒಂದು ಚಿಟಿಕೆ ಹಿಟ್ಟು ಬೇಡವೆನ್ನುವವರು ವೋಟು ಕೊಡುತ್ತಾರೆಯೇ? ಇದನ್ನು ಮನೆಯವರಿಗೆ ಹೇಳಿದೆ. ಅವರು ನಕ್ಕು, ಕೊಳವೆ ಬಡಿಯುವುದರಲ್ಲಿ ರಾಜಕಾರಣ ನೋಡುವವಳು ನೀನೊಬ್ಬಳೇ ಎಂದು ಹೊರಗೆ ಹೋದರು. ಚೀಲದಲ್ಲಿ ರಾಜಕಾರಣ ನೋಡುವವರು ಹೇಳುವ ಮಾತೇ ಅದು? ನನಗೆ ಸಿಟ್ಟು ಬಂತು, ಆದರೆ ಕಲ್ಲು ತಿರುಗುತ್ತಿತ್ತು, ಜನ ಕಾಯುತ್ತಿದ್ದರು.

ಇಷ್ಟೆಲ್ಲ ಚೀಲಗಳು ಬಂದರೂ ನನ್ನ ಗೆಳತಿಯ ಚೀಲ ಬಂದಿರಲಿಲ್ಲ. ಹೇಗೆ ಬಂದೀತು? ಅವಳು ಉಮೇದುವಾರಳು. ಅವಳೇ ನಮ್ಮ ಗಿರಣಿಗೆ ಬಂದರೆ ಸೋಲೊಪ್ಪಿಕೊಂಡಳು ಎಂದು ಊರು ಹೇಳುತ್ತದೆ. ನಾನು ದಿನವೂ ಸಾಲಿನ ತುದಿಯವರೆಗೆ ನೋಡಿ ಮತ್ತೆ ಜೋಳ ಸುರಿಯುತ್ತಿದ್ದೆ. ಹಿಟ್ಟಿನ ಮಂಪರಿನಲ್ಲಿ ಎಷ್ಟೋ ಸಲ ಅವಳು ಬಂದಂತೆ ಕಂಡು, ಕಣ್ಣೊರೆಸಿ ನೋಡಿದರೆ ಬೇರೆ ಯಾರೋ ಆಗಿರುತ್ತಿದ್ದರು.

ಮತದಾನದ ಹಿಂದಿನ ದಿನ ಮಧ್ಯಾಹ್ನ ಅವಳು ಬಂದಳು. ನಮ್ಮ ಮನೆಯವರು ಗುಲಾಲು, ಹೂಮಾಲೆ ಹೇಳಿಬರಲು ಆಳಂದಕ್ಕೆ ಹೋಗಿದ್ದರು. ಊಟದ ಹೊತ್ತು, ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತ ಗಂಡಸರು ಮಾತ್ರ ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವಳು ಸೆರಗು ಬಿಗಿಯಾಗಿ ಹೊದ್ದು, ಚೀಲ ಇಳಿಸಿ ಗೋಡೆಗೆ ಒರಗಿ ನಿಂತಳು. ಮನೆಯಲ್ಲಿ ಬೇರೆ ಯಾರೂ ಬರಲು ಒಪ್ಪಲಿಲ್ಲವಂತೆ, ಅತ್ತೆಗೆ ಅಕ್ಕಿ ಒಗ್ಗುವುದಿಲ್ಲವಂತೆ, ಅದಕ್ಕೆ ತಾನೇ ಬಂದೆ ಎಂದಳು. ನಾನು ರೂಢಿಯಂತೆ ಕೊಳವೆ ಬಡಿಯಲು ಕೋಲು ಎತ್ತಿಕೊಂಡೆ. ಇರಲಿ ಬಿಡು ಎಂದು ಅವಳು ಕೈ ಹಿಡಿದಳು.

ನಾನು ಮೋಟರ್ ಚಾಲೂ ಮಾಡಿದೆ. ಗಿರಣಿ ತಿರುಗತೊಡಗಿದರೆ ಕಟ್ಟೆಯವರಿಗೆ ಏನು ಕೇಳಿಸುತ್ತದೆ? ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು, ನಾನು ಅವಳ ಕಿವಿಯ ಹತ್ತಿರ. ಅತನೂರಿನ ಗೋಡೆ ನಡುವೆ ಇಲ್ಲದೆ ನಾವು ಅಷ್ಟು ಹತ್ತಿರ ನಿಂತು ಎಷ್ಟು ಕಾಲವಾಗಿತ್ತೋ. ಅವಳ ಮಗಳು ದೊಡ್ಡವಳಾದದ್ದು, ನನ್ನ ಮಂಡಿನೋವು, ಇಬ್ಬರ ಅತ್ತೆಯರ ಮುಂಗೋಪ ಎಲ್ಲ ಒಂದರ ಮೇಲೊಂದು ಬಂದವು. ಹಿಟ್ಟು ನಮ್ಮಿಬ್ಬರ ಮೇಲೂ ಇಳಿಯುತ್ತಿತ್ತು. ಅರ್ಧ ಚೀಲ ಮುಗಿದಾಗ ಅವಳು ನಾಳಿನ ಮಾತು ತೆಗೆದಳು.

"ನನ್ನ ಹೆಸರಿಗಿ ನಾನೇ ಠಸ್ಸಿ ಒತ್ತಕೊಳ್ಳಾಕ ನಂಗ ನಾಚಿಕಿ ಬರ್ತದ ಬೇ. ನೀ ಎದುರಿಗಿ ಇದ್ದಿ, ಹ್ಯಾಂಗ ಒತ್ತಲಿ? ನಾ ನಿನಗ ಹಾಕ್ತೇನಿ, ನೀ ನನಗ ಹಾಕು. ಒಂದಕ್ಕ ಒಂದು ಹೋತು, ಯಾರಿಗೂ ಲುಕ್ಸಾನ್ ಇಲ್ಲ."

ನಾನು ಅವಳ ಕೈಯ ಮೇಲೆ ಕೈಯಿಟ್ಟು ಆಗಲಿ ಎಂದೆ. ಆಮೇಲೆ ಅವಳು ಬಿಸಿ ಚೀಲವನ್ನು ತಲೆಯ ಮೇಲೆ ಹೊತ್ತು, ಕಟ್ಟೆಯವರ ಮುಂದೆ ನೆಟ್ಟಗೆ ನಡೆದುಹೋದಳು. ಆ ದಿನ ಸಂಜೆ ಊರಿನಲ್ಲೆಲ್ಲ ನಾನು ಗೆದ್ದಾಗಿತ್ತು.

ಮರುದಿನ ಸಾಲಿಯ ಕೋಣೆಯಲ್ಲಿ ಮತಪತ್ರ ಕೈಗೆ ಕೊಟ್ಟರು. ರಟ್ಟಿನ ಮರೆಯಲ್ಲಿ ನಿಂತಾಗ ಹೊರಗಿನ ಗದ್ದಲ ಎಲ್ಲೋ ದೂರದ ಊರಿನದಿರಬೇಕು ಅನಿಸಿತು. ಆ ಕೋಣೆಯಲ್ಲೂ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ನಾನು ಆಟೋರಿಕ್ಷಾದ ಕಡೆ ನೋಡಲೇ ಇಲ್ಲ, ನೋಡಿದರೆ ಮನಸ್ಸು ಜಾರೀತು ಎಂಬ ಭಯ. ಹೊಲಿಗೆ ಯಂತ್ರ ಹುಡುಕಿ ಅದರ ಮೇಲೆ ಒತ್ತಿ, ಶಾಯಿ ಆರುವವರೆಗೆ ಊದಿ, ಮಡಚಿ ಪೆಟ್ಟಿಗೆಗೆ ಹಾಕಿದೆ. ಹೊರಗೆ ಬಂದಾಗ ಮೈ ಹಗುರಾಗಿತ್ತು. ಬಾಗಿಲ ಬಳಿ ನಿಂತಿದ್ದ ನಮ್ಮ ಮನೆಯವರು ಕಣ್ಣಲ್ಲೇ ಕೇಳಿದರು, ನಾನು ಕಣ್ಣಲ್ಲೇ ಹೂಂ ಎಂದೆ.

ಎಣಿಕೆ ಆಳಂದದಲ್ಲಿ ನಡೆಯಿತು. ನಾನು ಒಂದೇ ಒಂದು ವೋಟಿನಿಂದ ಸೋತೆ.

ಎರಡು ಸಲ ಎಣಿಸಿದರೂ ಅಷ್ಟೇ ಬಂತು. ತಂದಿದ್ದ ಗುಲಾಲಿನ ಚೀಲ ಟೆಂಪೋದಲ್ಲೇ ಉಳಿಯಿತು. ಕೆಳಗಿನ ಓಣಿಯವರಿಗೆ ಗುಲಾಲು ಕಡಿಮೆ ಬಿದ್ದಾಗ ಅವರ ಹುಡುಗರು ಅದನ್ನೇ ಕೊಡಿ ಎಂದು ಕೇಳಿದರಂತೆ, ಅದಕ್ಕೊಂದು ದೊಡ್ಡ ಜಗಳವಾಯಿತು. ಊರಿಗೆ ಬಂದ ಮೇಲೆ ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ಮನೆಮನೆಯ ವೋಟು ಕೂಡಿಸಿದರು, ಕಳೆದರು. ನಮ್ಮ ಗಿರಣಿಯ ಹಿಟ್ಟು ತಿಂದು ನಮಗೇ ಕೈಕೊಟ್ಟರು ಎಂದು ಕೆಳಗಿನ ಓಣಿಯವರ ಮೇಲೆ ಹರಿಹಾಯ್ದರು. ಇನ್ನು ಆ ಓಣಿಯ ಒಂದು ಕಾಳೂ ಇಲ್ಲಿ ಬೀಸಬಾರದು, ಅವರ ಯಾವ ಹೆಂಗಸಿನ ಜೊತೆಯೂ ಮಾತಾಡಬಾರದು ಎಂದು ನನಗೆ ತಾಕೀತು ಮಾಡಿದರು.

ಒಂದು ವೋಟು ಎಂದ ಕೂಡಲೇ ನಾನೂ ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ನನ್ನ ವೋಟು ನನಗೇ ಹಾಕಿಕೊಂಡಿದ್ದರೆ ಅವಳಿಗೊಂದು ಕಡಿಮೆಯಾಗಿ, ನನಗೊಂದು ಹೆಚ್ಚಾಗಿ ನಾನೇ ಗೆಲ್ಲುತ್ತಿದ್ದೆ. ಆದರೆ ಅವಳೂ ನನಗೆ ಹಾಕಿರುತ್ತಾಳಲ್ಲ, ಒಂದಕ್ಕೊಂದು ಹೋಗಿರುತ್ತದೆ, ಹಾಗಾದರೆ ಇದು ಜನರೇ ಸೋಲಿಸಿದ ಸೋಲು ಎಂದು ಸಮಾಧಾನ ಮಾಡಿಕೊಂಡೆ. ಬಾಗಿಲು, ಚಿಲಕ, ಕುರ್ಚಿ ಎಲ್ಲವನ್ನೂ ಮನಸ್ಸಿನಿಂದ ಒಂದೊಂದಾಗಿ ತೆಗೆದಿಟ್ಟೆ. ಎರಡು ದಿನ ಅಳು ಬಂತು, ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತುಬಿಟ್ಟೆ.

ಎಳ್ಳ ಅಮಾಸಿ ಬಂತು. ಆ ದಿನ ನಮ್ಮ ಸೀಮೆಯಲ್ಲಿ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಕಡಬು ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಬಡಿಸುತ್ತಾರೆ, ಬಂದವರನ್ನು ಬೇಡವೆನ್ನುವಂತಿಲ್ಲ. ಊಟವಾದ ಮೇಲೆ ನಮ್ಮ ಮನೆಯವರು ಮತ್ತು ಮಕ್ಕಳು ಕಡಲೆ ಹೊಲದ ಆಚೆ ಬೀಗರ ಹೊಲಕ್ಕೆ ಹೋಗಿದ್ದರು. ನಾನು ಬನ್ನಿಗಿಡದ ಕೆಳಗೆ ಒರಗಿದ್ದೆ. ಬಿಳಿಜೋಳ ಆಳೆತ್ತರ ನಿಂತು ಗಾಳಿಗೆ ಸುಯ್ ಎನ್ನುತ್ತಿತ್ತು. ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಹೊತ್ತಿನಲ್ಲಿ ಜೋಳದ ಸಾಲು ಸರಿದು ಅವಳು ಬಂದು ನಿಂತಳು. ಈ ಸಲ ಕಣ್ಣೊರೆಸಿ ನೋಡಿದರೂ ಅವಳೇ ಇದ್ದಳು.

ನಾನು ತಾಟಿಗೆ ಭಜ್ಜಿ ಬಡಿಸಿದೆ. ಅವಳು ಕೂತಳು, ಆದರೆ ಕೈ ತಾಟಿಗೆ ಹೋಗಲಿಲ್ಲ. ಮುಖ ಬಾಡಿತ್ತು, ಗೆದ್ದವಳ ಮುಖದಂತೆ ಇರಲಿಲ್ಲ. ಉಣ್ಣು ಎಂದೆ. ಅವಳು ತಲೆಯಾಡಿಸಿದಳು.

"ನಾ ಮಾತು ತಪ್ಪೀನಿ ಬೇ. ನಿನಗ ಹಾಕಬೇಕಂತಲೇ ಹೋಗಿದ್ದೆ. ಕಾಗದ ಬಿಚ್ಚಿದ್ರ ಅದರಾಗ ನನ್ನ ಹೆಸರು ಇತ್ತು. ಗಂಡಂದಲ್ಲ, ಮಾವಂದಲ್ಲ, ನನ್ನ ಹೆಸರು. ಈ ಊರಾಗ ಅದನ್ನ ಯಾರೂ ಕರದಿಲ್ಲ. ಕೈ ಅದರ ಮ್ಯಾಲೇ ಹೋತು."

ಅವಳೇ ಮುಂದುವರಿಸಿದಳು. ಅಂದಿನಿಂದ ಊಟ ಸೇರುತ್ತಿಲ್ಲವಂತೆ. ನಾನು ಮಾತು ಉಳಿಸಿಕೊಂಡು ಅವಳಿಗೆ ಹಾಕಿದ್ದರೆ ಆ ಒಂದು ವೋಟು ನನ್ನದೇ, ಆ ಗೆಲುವು ಅವಳದಲ್ಲ. ಹಾಗಿದ್ದರೆ ಪಂಚಾಯಿತಿಯ ಮೆಟ್ಟಿಲು ಹತ್ತುವುದಿಲ್ಲ, ನನ್ನ ಮುಖವನ್ನೂ ಇನ್ನು ಮುಂದೆ ನೋಡುವುದಿಲ್ಲ ಎಂದಳು. ಹೇಳುತ್ತ ಹೇಳುತ್ತ ಹುಲ್ಲನ್ನು ಕಿತ್ತು ಕಿತ್ತು ಗುಡ್ಡೆ ಹಾಕಿದಳು.

ಆ ಕಾಗದದಲ್ಲಿ ನನ್ನ ಹೆಸರೂ ಇತ್ತು. ನಾನು ಅದನ್ನು ನೋಡಿಯೂ ಇರಲಿಲ್ಲ. ಎದ್ದು ಹೋಗು ಎನ್ನಬೇಕು ಅನಿಸಿತು, ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನಿಸಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅತನೂರಿನಲ್ಲಿ ನಮ್ಮಿಬ್ಬರ ಪಾಟಿ ಒಡೆದುಕೊಂಡು ಬಂದ ದಿನವೂ ಹೀಗೆಯೇ ನೋಡಿದ್ದಳು.

"ನಾನೂ ನನಗೇ ಹಾಕೊಂಡೇನಿ ಬೇ," ಎಂದೆ.

ಅವಳು ನಂಬಲಿಲ್ಲ. ಆಣೆ ಮಾಡು ಎಂದಳು. ನಾನು ನಿಂತ ಬೆಳೆಯ ಕಡೆ ಕೈ ತೋರಿಸಿ ಆಣೆ ಮಾಡಿದೆ. ನೀನು ಹಾಕುವವಳಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಅತನೂರಿನಲ್ಲಿ ಬೋರೆಹಣ್ಣು ಹಂಚುವಾಗಲೂ ನೀನು ಹೀಗೆಯೇ ಇದ್ದೆ ಎಂದು ಬೈದೆ. ಬೈಗುಳ ಕೇಳಿದ ಮೇಲೆ ಅವಳ ಮುಖ ನಿಧಾನಕ್ಕೆ ಬಿಚ್ಚಿಕೊಂಡಿತು. ಮೊದಲು ತುಟಿ, ಆಮೇಲೆ ಕಣ್ಣು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಮೊದಲ ತುತ್ತು ನನ್ನ ಬಾಯಿಗಿಟ್ಟು, ಎರಡನೆಯದು ತಾನು ತಿಂದಳು.

"ಹಂಗಾದ್ರ ನಾ ಖರೇನೇ ಆರಿಸಿ ಬಂದೇನಿ?" ಎಂದು ಕೇಳಿದಳು.

"ಹೌದು, ಖರೇನೇ," ಎಂದೆ. "ಉಣ್ಣು."